ಮ್ಯೂಸಿಯಾಲಜಿ ಓದಿದರೆ ಕೆಲಸ ಸಿಕ್ಕೀತೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಧಾರವಾಡದಲ್ಲಿ ಇತಿಹಾಸ ಎಂ.ಎ. ಮುಗಿಸಿ ಈಗ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಮ್ಯೂಸಿಯಂ ಕೆಲಸದಲ್ಲಿ ತುಂಬಾ ಆಸಕ್ತಿ. ಮ್ಯೂಸಿಯಾಲಜಿ ಅಥವಾ ಹೆರಿಟೇಜ್ ಸ್ಟಡೀಸ್‌ನಲ್ಲಿ ಇನ್ನೊಂದು ಸ್ನಾತಕೋತ್ತರ ಪದವಿ ಮಾಡಿದರೆ ಕೆಲಸ ಸಿಗುತ್ತದೆಯೇ? ಸಾಲ ಮಾಡಿಯಾದರೂ ಇಂಗ್ಲೆಂಡಿಗೆ ಹೋಗು ಅಂತ ಗೆಳತಿಯರು, ಸುಮ್ಮನೆ ಬಿ.ಇಡಿ. ಮಾಡು ಅಂತ ಅಪ್ಪ. ನಾನು ಓದಿದ್ದೆಲ್ಲ ಕನ್ನಡ ಮಾಧ್ಯಮ. ದಾರಿ ತೋರಿಸಿ.

ಉತ್ತರ: ಕೆಲಸದ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ. ಮ್ಯೂಸಿಯಾಲಜಿ ಪದವಿ ಹಿಡಿದು ಬಂದ ಕೂಡಲೇ ಕರೆದು ಕೂರಿಸುವ ಹುದ್ದೆಗಳು ನಮ್ಮಲ್ಲಿ ಕಡಿಮೆ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯಲ್ಲಿ ಕ್ಯುರೇಟರ್ (ಸಂಗ್ರಹದ ಹೊಣೆ ಹೊತ್ತವರು) ಹುದ್ದೆಗಳಿವೆ, ಆದರೆ ನೇಮಕಾತಿ ವರ್ಷವರ್ಷ ನಡೆಯುವಂಥದ್ದಲ್ಲ. ಕೇಂದ್ರದ ಸಂಗ್ರಹಾಲಯಗಳ ಹುದ್ದೆಗಳಿಗೂ ಅಷ್ಟೇ, ಪ್ರಕಟಣೆ ಬಂದಾಗ ಬಂತು. ಬಂದಾಗ ಅದರ ಅರ್ಹತೆಯ ಭಾಗವನ್ನು ನಿಧಾನವಾಗಿ ಓದಿ. ಸಾಮಾನ್ಯವಾಗಿ ಮೂರು ಸಂಗತಿ ಕೇಳಿರುತ್ತಾರೆ: ಇತಿಹಾಸ, ಪುರಾತತ್ವ, ಮಾನವಶಾಸ್ತ್ರದಂಥ ಮೂಲ ವಿಷಯವೊಂದರಲ್ಲಿ ಎಂ.ಎ.; ಮ್ಯೂಸಿಯಾಲಜಿಯಲ್ಲಿ ಡಿಪ್ಲೊಮಾ ಅಥವಾ ಪದವಿ; ಸಂಗ್ರಹಾಲಯದಲ್ಲಿ ದುಡಿದ ಅನುಭವ. ಮೊದಲನೆಯದು ನಿಮ್ಮ ಹತ್ತಿರ ಇದೆ. ಎರಡನೆಯದನ್ನು ಒಂದೆರಡು ವರ್ಷದಲ್ಲಿ ಸಂಪಾದಿಸಬಹುದು. ಎಲ್ಲರೂ ಮುಗ್ಗರಿಸುವುದು ಮೂರನೆಯದರಲ್ಲಿ. ಆದ್ದರಿಂದ ನೀವು ಕೇಳಬೇಕಾದ್ದು, ಈ ಕೋರ್ಸು ನನ್ನನ್ನು ವಸ್ತುಗಳ ಹತ್ತಿರ ಎಷ್ಟು ಹೊತ್ತು ಬಿಡುತ್ತದೆ ಅಂತ.

ಇತಿಹಾಸ ಓದಿದವರಿಗೆ ಈ ಕೋರ್ಸು ಏನು ಹೆಚ್ಚಿಗೆ ಕಲಿಸುತ್ತದೆ? ಆತಕೂರಿನ ವೀರಗಲ್ಲನ್ನೇ ತೆಗೆದುಕೊಳ್ಳಿ. ಪರೀಕ್ಷೆಗೆ ಓದಿಯೇ ಇರುತ್ತೀರಿ: ಕ್ರಿ.ಶ. 949-50, ರಾಷ್ಟ್ರಕೂಟ ಮೂರನೆಯ ಕೃಷ್ಣ, ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನ ಸಾವು, ಗಂಗ ಬೂತುಗ, ಅವನ ಕಡೆಯ ಮಣಲೇರ. ಶೌರ್ಯಕ್ಕೆ ಬಹುಮಾನವಾಗಿ ಮಣಲೇರ ಕೇಳಿ ಪಡೆದ ಬೇಟೆನಾಯಿ ಕಾಳಿ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಕಲ್ಲಿನ ಮೇಲಿರುವುದು ಆ ನಾಯಿ-ಹಂದಿಯ ಕಾಳಗ. ಮದ್ದೂರು ತಾಲ್ಲೂಕಿನ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಇತಿಹಾಸದ ವಿದ್ಯಾರ್ಥಿನಿ ಶಾಸನಪಾಠ, ಕಾಲ, ರಾಜವಂಶ ತಿಳಿದು ಪುಟ ತಿರುವುತ್ತಾಳೆ. ಮ್ಯೂಸಿಯಾಲಜಿಯವಳು ಬೇರೆ ಪ್ರಶ್ನೆ ಹಿಡಿದು ಕೂರಬೇಕು. ಊರಿನ ಗುಡಿಯ ಮುಂದಿದ್ದ ಕಲ್ಲು ಇಲ್ಲಿಗೆ ಬಂದದ್ದಕ್ಕೆ ದಾಖಲೆ ಯಾವುದು? ಅಕ್ಷರ ಕಾಣಬೇಕಾದರೆ ದೀಪವನ್ನು ಎದುರಿಗೆ ಇಟ್ಟರೆ ಆಗದು, ಪಕ್ಕದಿಂದ ಓರೆಯಾಗಿ ಬೀಳಬೇಕು; ಹಾಗೆ ಬೀಳಿಸಲು ಎಷ್ಟು ಜಾಗ ಬೇಕು? ಐದನೇ ಕ್ಲಾಸಿನ ಹುಡುಗ ಬಂದು ನಿಂತರೆ ಮೊದಲು ನೋಡುವುದು ನಾಯಿಯನ್ನು. ಹಾಗಿದ್ದ ಮೇಲೆ ಲೇಬಲ್ ‘ರಾಷ್ಟ್ರಕೂಟ, 10ನೇ ಶತಮಾನ’ ಎಂದೇ ಏಕೆ ಶುರುವಾಗಬೇಕು? ಆತಕೂರಿನವರು ತಮ್ಮ ಕಲ್ಲನ್ನು ನೋಡಬೇಕೆಂದರೆ ಬೆಂಗಳೂರಿಗೇ ಬರಬೇಕೆ, ಊರಲ್ಲೊಂದು ಪ್ರತಿಕೃತಿ ಇಡಬಹುದೆ? ಈ ಪ್ರಶ್ನೆಗಳ ಹಿಂದೆ ಕಾನೂನು, ರಸಾಯನಶಾಸ್ತ್ರ, ಬೆಳಕು, ಬರವಣಿಗೆ, ಬಜೆಟ್ಟು ಎಲ್ಲ ಇವೆ. ಒಳ್ಳೆಯ ಕೋರ್ಸು ಇಷ್ಟನ್ನೂ ಒಬ್ಬರ ತಲೆಯಲ್ಲಿ ಒಟ್ಟಿಗೆ ಕೂರಿಸುತ್ತದೆ. ಸಾಧಾರಣ ಕೋರ್ಸು ಸಂಗ್ರಹಾಲಯದ ವ್ಯಾಖ್ಯೆ ಬಾಯಿಪಾಠ ಮಾಡಿಸಿ ಕಳಿಸುತ್ತದೆ.

ಈ ಓದಿಗೆ ಬರುವ ಹತ್ತರಲ್ಲಿ ಒಂಬತ್ತು ಮಂದಿಗೆ ಪ್ರದರ್ಶನ ಕಟ್ಟುವ ಆಸೆ. ಗೋಡೆಗೆ ಬಣ್ಣ, ಉದ್ಘಾಟನೆ, ಫೋಟೊ. ನನ್ನ ಸಲಹೆ ತಿರುವುಮುರುವು: ಮೊದಲ ಎರಡು ಮೂರು ವರ್ಷ ಸ್ಟೋರ್‌ರೂಮಿನಲ್ಲಿ ಕಳೆಯಿರಿ. ದೊಡ್ಡ ಸಂಗ್ರಹಾಲಯಗಳಲ್ಲಿ ಜನ ನೋಡುವುದು ಸಂಗ್ರಹದ ಸಣ್ಣ ಪಾಲನ್ನು ಮಾತ್ರ, ಉಳಿದದ್ದೆಲ್ಲ ಒಳಗೆ. ಅದನ್ನು ಎಣಿಸಿ, ಅಳೆದು, ಫೋಟೊ ತೆಗೆದು, ನಂಬರು ಹಾಕಿ, ಎಲ್ಲಿದೆ ಎಂದು ಒಂದೇ ನಿಮಿಷದಲ್ಲಿ ಹೇಳಬಲ್ಲವರಿಗೆ ಯಾವತ್ತೂ ಬೇಡಿಕೆ ಇದೆ, ಏಕೆಂದರೆ ಅಂಥವರು ಕಡಿಮೆ. 2013ರಲ್ಲಿ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು, ಸ್ಮಾರಕಗಳ, ಪುರಾವಸ್ತುಗಳ ಸಂರಕ್ಷಣೆಯ ಬಗ್ಗೆ ಕೊಟ್ಟ ವರದಿ ಓದಿ ನೋಡಿ. 92 ಸಂರಕ್ಷಿತ ಸ್ಮಾರಕಗಳೇ ಪತ್ತೆಯಾಗಲಿಲ್ಲ ಎಂಬ ಸುದ್ದಿ ಆಗ ಪತ್ರಿಕೆಗಳಲ್ಲಿ ಬಂತು. ಆ ವರದಿಯ ಉದ್ದಕ್ಕೂ ಕಾಣುವ ದೊಡ್ಡ ಕೊರತೆ ಪಟ್ಟಿಯದ್ದೇ.

ನಂಬರು ಹಾಕುವುದೇನು ಮಹಾ ಅನ್ನಿಸಬಹುದು. ಹಳೇ ಸಂಗ್ರಹಗಳಲ್ಲಿ ಕಂಚಿನ ಮೂರ್ತಿಯ ಎದೆಯ ಮೇಲೇ ಬಿಳಿ ಪೇಂಟಿನಲ್ಲಿ ನಂಬರು ಬರೆದಿರುವುದನ್ನು ನೋಡಿರುತ್ತೀರಿ. ಸರಿಯಾದ ಕ್ರಮ ಹೀಗೆ: ಕಣ್ಣಿಗೆ ತಕ್ಷಣ ಬೀಳದ, ಆದರೆ ಮೂರ್ತಿಯನ್ನು ಮಗುಚದೆ ಓದಬಹುದಾದ ಜಾಗ ಹುಡುಕಬೇಕು. ಬಣ್ಣ, ಸುಣ್ಣ ಏಳುತ್ತಿರುವ ಕಡೆ ಬೇಡ. ಉಗುರಿನಗಲ ಜಾಗವನ್ನು ಒಣಬ್ರಷ್ಷಿನಿಂದ ಒರೆಸಿ, ಪ್ಯಾರಾಲಾಯ್ಡ್ ಬಿ-72 ಎಂಬ ರಾಳದ ತೆಳು ಲೇಪ ಕೊಟ್ಟು, ಅದು ಒಣಗಿದ ಮೇಲೆ ಶಾಯಿಯಲ್ಲಿ ನಂಬರು ಬರೆದು, ಮೇಲೊಂದು ಲೇಪ. ನಾಳೆ ತೆಗೆಯಬೇಕೆಂದರೆ ಅಸಿಟೋನ್ ಹಚ್ಚಿದರೆ ಕಲೆಯಿಲ್ಲದೆ ಹೋಗುತ್ತದೆ. ಬಟ್ಟೆಗಾದರೆ ಇದು ನಡೆಯದು; ಹತ್ತಿಯ ಪಟ್ಟಿಯ ಮೇಲೆ ನಂಬರು ಬರೆದು ಅಂಚಿಗೆ ನಾಲ್ಕು ಹೊಲಿಗೆ ಹಾಕುತ್ತಾರೆ. ಕಾಗದಕ್ಕೆ ಮೆತ್ತನೆಯ ಪೆನ್ಸಿಲ್ಲು. ಅದೇ ನಂಬರು ಅಕ್ಸೆಷನ್ ರಿಜಿಸ್ಟರಿನಲ್ಲೂ (ಸಂಗ್ರಹಕ್ಕೆ ಬಂದ ವಸ್ತುಗಳ ದಾಖಲೆ ಪುಸ್ತಕ) ಕಾರ್ಡಿನಲ್ಲೂ ಕಂಪ್ಯೂಟರಿನಲ್ಲೂ ಕೂರಬೇಕು. ಕೇಂದ್ರದ ಸಂಗ್ರಹಾಲಯಗಳಲ್ಲಿ ಪುಣೆಯ ಸಿ-ಡ್ಯಾಕ್ ಮಾಡಿದ, ಸಂಗ್ರಹದ ದಾಖಲೆ ಇಡುವ ‘ಜತನ್’ ತಂತ್ರಾಂಶ ಬಳಕೆಯಲ್ಲಿದೆ, ಅದರ ಪರಿಚಯ ಮಾಡಿಕೊಳ್ಳಿ. ಹಳೇ ರಿಜಿಸ್ಟರಿನಲ್ಲಿ ‘ದೀಪ, ಹಿತ್ತಾಳೆ, ಒಂದು’ ಎಂದಷ್ಟೇ ಇದ್ದು, ಕಪಾಟಿನಲ್ಲಿ ನಂಬರಿಲ್ಲದ ಹಿತ್ತಾಳೆ ದೀಪ ಹನ್ನೊಂದು ಇದ್ದರೆ ಯಾವುದು ಯಾವುದೆಂದು ಗೊತ್ತುಮಾಡುವುದು ಪತ್ತೇದಾರಿ ಕೆಲಸ. ಬೇಸರದ್ದೂ ಹೌದು, ಮಜವೂ ಹೌದು.

ಕಂಡಿಷನ್ ರಿಪೋರ್ಟು, ಅಂದರೆ ವಸ್ತುವಿನ ಸ್ಥಿತಿಯ ವರದಿ, ಬರೆಯುವುದನ್ನು ಅಲ್ಲೇ ಕಲಿಯುತ್ತೀರಿ. ಅಂಗಳದಲ್ಲಿ ಸಿಮೆಂಟ್ ಕಟ್ಟೆಗೆ ಕೂರಿಸಿದ ಶಿಲ್ಪದ ಬುಡದಲ್ಲಿ ಬಿಳಿ ಪುಡಿ ಕಂಡರೆ ಅದು ಧೂಳಲ್ಲ. ಸಿಮೆಂಟಿನ, ನೆಲದ ಲವಣ ತೇವದ ಜೊತೆ ಕಲ್ಲಿನೊಳಗೆ ಏರಿ, ನೀರು ಆರಿದಾಗ ಹರಳುಗಟ್ಟಿ, ಕಲ್ಲನ್ನು ಒಳಗಿನಿಂದ ಸಿಡಿಸುತ್ತಿದೆ ಅಂತ ಅರ್ಥ. ಒಂದೊಂದು ಮಳೆಗಾಲಕ್ಕೂ ಒಂದೊಂದು ಪದರ ಉದುರುತ್ತದೆ. ಹಾಗೆಯೇ ನಿಮ್ಮ ಕಡೆಯ ಕಸೂತಿ ಹಾಕಿದ ಇಳಕಲ್ ಸೀರೆ. ಅದನ್ನು ಮೊಳೆಗೆ ನೇತುಹಾಕಿ ಮೇಲೆ ಸ್ಪಾಟ್‌ಲೈಟ್ ಬಿಟ್ಟರೆ ನೋಡಲು ಚಂದ, ಸೀರೆಗೆ ಮರಣ. ಬಟ್ಟೆಗೆ, ಕಾಗದಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಬೆಳಕಿನ ಅಳತೆ) ಹೆಚ್ಚು ಬೆಳಕು ಬೇಡ ಎನ್ನುವುದು ರೂಢಿಯ ಮಿತಿ, ಅದೂ ಕೆಲವು ತಿಂಗಳ ಮಟ್ಟಿಗೆ. ಬೆಳಕಿನಿಂದ ಆದ ಹಾನಿ ಕೂಡುತ್ತಲೇ ಹೋಗುತ್ತದೆ, ಕತ್ತಲೆಯಲ್ಲಿಟ್ಟರೂ ವಾಸಿಯಾಗುವುದಿಲ್ಲ. ಸಂದರ್ಶನದಲ್ಲಿ ಇಂಥ ಎರಡು ಸಂಗತಿಯನ್ನು ಕೈಯಾರೆ ಮಾಡಿದ ಧಾಟಿಯಲ್ಲಿ ಹೇಳಿದರೆ, ಎದುರಿಗೆ ಕೂತವರು ಬಯೋಡೇಟಾದಿಂದ ತಲೆ ಎತ್ತುತ್ತಾರೆ.

ಎಲ್ಲಿ ಓದುವುದು? ಬರೋಡಾದ ಮಹಾರಾಜ ಸಯ್ಯಾಜಿರಾವ್ ವಿಶ್ವವಿದ್ಯಾಲಯದ ಮ್ಯೂಸಿಯಾಲಜಿ ವಿಭಾಗ 1952ರಷ್ಟು ಹಳೆಯದು, ದೇಶದಲ್ಲಿ ಈ ಓದಿಗೆ ಮೊದಲ ವಿಳಾಸ ಅದೇ. ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದ ಜೊತೆಗಿದ್ದ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಈಗ ನೋಯ್ಡಾದಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಆಗಿದೆ. ಕಲಾ ಇತಿಹಾಸ, ಕನ್ಸರ್ವೇಷನ್ (ವಸ್ತುಗಳ ರಕ್ಷಣೆ, ದುರಸ್ತಿ), ಮ್ಯೂಸಿಯಾಲಜಿ ಮೂರೂ ಅಲ್ಲಿವೆ. ಕೋಲ್ಕತ್ತ, ಬನಾರಸ್, ಅಲಿಗಢ ವಿಶ್ವವಿದ್ಯಾಲಯಗಳಲ್ಲೂ ಕಲಿಸುತ್ತಾರೆ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ ನಡೆಸುವ ಸ್ನಾತಕೋತ್ತರ ಡಿಪ್ಲೊಮಾ ನನಗೆ ಇಷ್ಟ, ಏಕೆಂದರೆ ತರಗತಿ ನಡೆಯುವುದೇ ಸಂಗ್ರಹಾಲಯದ ಒಳಗೆ. ನಿಮ್ಮ ಬಳಿ ಒಂದು ಎಂ.ಎ. ಆಗಲೇ ಇರುವುದರಿಂದ ಎರಡು ವರ್ಷದ ಮತ್ತೊಂದು ಎಂ.ಎ.ಗಿಂತ ಇಂಥ ಡಿಪ್ಲೊಮಾ ಸಾಕಾಗಬಹುದು. ಪಾಠ ಮಾಡುವ ದಾರಿಯನ್ನೂ ತೆರೆದಿಟ್ಟುಕೊಳ್ಳಬೇಕೆಂದರೆ ಮಾತ್ರ ಎಂ.ಎ. ಒಳ್ಳೆಯದು, ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಮ್ಯೂಸಿಯಾಲಜಿ ಮತ್ತು ಕನ್ಸರ್ವೇಷನ್ ಪ್ರತ್ಯೇಕ ವಿಷಯವಾಗಿಯೇ ಇದೆ. ಉತ್ಖನನದ ಕಡೆ ಮನಸ್ಸಿದ್ದರೆ ಗ್ರೇಟರ್ ನೋಯ್ಡಾದಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆಯದೇ ಸಂಸ್ಥೆಯ ಎರಡು ವರ್ಷದ ಡಿಪ್ಲೊಮಾ ಇದೆ, ಶಿಷ್ಯವೇತನವೂ ಉಂಟು, ಸೀಟು ಬೆರಳೆಣಿಕೆ. ಕನ್ಸರ್ವೇಷನ್ ಬೇರೆಯದೇ ವೃತ್ತಿ, ರಸಾಯನಶಾಸ್ತ್ರ ಕೈಹಿಡಿಯಬೇಕು; ನೀವು ಅದರ ಭಾಷೆ ಅರ್ಥವಾಗುವಷ್ಟು ಕಲಿತರೆ ಸಾಕು.

ಅರ್ಜಿ ಹಾಕುವ ಮುಂಚೆ ವಿಭಾಗಕ್ಕೆ ಫೋನು ಮಾಡಿ ಎರಡು ಮಾತು ಕೇಳಿ: ಇಂಟರ್ನ್‌ಶಿಪ್ ಎಷ್ಟು ವಾರ, ಅದು ಎಲ್ಲಿ? ಡಿಸರ್ಟೇಷನ್‌ಗೆ (ಕೋರ್ಸಿನ ಭಾಗವಾಗಿ ಬರೆಯುವ ಪ್ರಬಂಧಕ್ಕೆ) ನಿಜವಾದ ಸಂಗ್ರಹವೊಂದನ್ನು ಮುಟ್ಟಲು ಬಿಡುತ್ತೀರಾ? ಉತ್ತರ ತೇಲಿಸಿದರೆ ಆ ಕಡೆ ಹೋಗಬೇಡಿ.

ಡಿಸರ್ಟೇಷನ್ ವಿಷಯ ನಿಮ್ಮ ಮೊದಲ ಕೆಲಸವನ್ನು ತೀರ್ಮಾನಿಸುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ‘ಭಾರತೀಯ ಸಂಗ್ರಹಾಲಯಗಳ ಸವಾಲುಗಳು’ ಎಂದು ಬರೆದವರ ಪ್ರಬಂಧವನ್ನು ಯಾರೂ ತೆರೆಯುವುದಿಲ್ಲ. ಚಿಕ್ಕ ಸಂಗ್ರಹವೊಂದನ್ನು ಹಿಡಿದು ಪಟ್ಟಿ, ಸ್ಥಿತಿ, ಸ್ಟೋರ್ ನಕ್ಷೆ, ಹತ್ತು ಲೇಬಲ್ ಇಷ್ಟು ಮಾಡಿದವರಿಗೆ ಅದೇ ಕೆಲಸದ ಮಾದರಿಯಾಗುತ್ತದೆ. ದೂರ ಹುಡುಕಬೇಕಿಲ್ಲ. ನೀವು ಓದಿದ ಧಾರವಾಡದಲ್ಲೇ 1939ರಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆಯ ಸಂಗ್ರಹಾಲಯವಿದೆ. ಶಿಲ್ಪ, ಶಾಸನ ಎರಡೂ ಇವೆ. ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ, ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಮಠಗಳ, ಮನೆತನಗಳ ಸಂಗ್ರಹಗಳು, ಹೀಗೆ ಎಷ್ಟೋ ಇವೆ. ಸ್ಟೋರ್ ಅಚ್ಚುಕಟ್ಟು ಮಾಡಲು ರೋಮಿನಲ್ಲಿರುವ, ಪರಂಪರೆಯ ಸಂರಕ್ಷಣೆಗೆಂದೇ ಇರುವ ಅಂತರರಾಷ್ಟ್ರೀಯ ಸಂಸ್ಥೆ ಇಕ್ರೋಮ್ ‘ರೀ-ಆರ್ಗ್’ ಎಂಬ ಪದ್ಧತಿಯನ್ನು ಚಿಕ್ಕ ಸಂಗ್ರಹಾಲಯಗಳಿಗೆಂದೇ ರೂಪಿಸಿದೆ. ಅದರ ಕೈಪಿಡಿ ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತದೆ. ದುಡ್ಡಿಲ್ಲದ ಕಡೆ ಕೆಲಸ ಮಾಡುವುದು ಹೇಗೆಂದು ಹೇಳುವ ಪುಸ್ತಕವಾದ್ದರಿಂದ ನಮಗೆ ಹೇಳಿ ಮಾಡಿಸಿದ್ದು.

ಹೆರಿಟೇಜ್ ಸ್ಟಡೀಸ್ ಮತ್ತು ಮ್ಯೂಸಿಯಾಲಜಿ ಒಂದೇ ಎಂಬಂತೆ ಬರೆದಿದ್ದೀರಿ. ಅಕ್ಕಪಕ್ಕದ ಮನೆ, ಒಲೆ ಬೇರೆ. ಮ್ಯೂಸಿಯಾಲಜಿ ವಸ್ತುವಿನಿಂದ ಶುರುವಾದರೆ ಹೆರಿಟೇಜ್ ಸ್ಟಡೀಸ್ ಜಾಗದಿಂದ, ಜಾಗದ ಜನರಿಂದ ಶುರುವಾಗುತ್ತದೆ. ಹಂಪಿಯ ಕಥೆಯಲ್ಲಿ ಆ ಪಠ್ಯವೆಲ್ಲ ಇದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿ ಸೇತುವೆಯಂಥ ಕಾಮಗಾರಿಗಳಿಂದಾಗಿ 1999ರಲ್ಲಿ ‘ಅಪಾಯದಲ್ಲಿರುವ’ ತಾಣಗಳ ಪಟ್ಟಿಗೆ ಹೋಯಿತು. 2002ರಲ್ಲಿ ರಾಜ್ಯ ಸರ್ಕಾರ ಹಂಪಿಗೆಂದೇ ಪ್ರಾಧಿಕಾರದ ಕಾಯ್ದೆ ತಂದಿತು, 2006ರಲ್ಲಿ ಅಪಾಯದ ಪಟ್ಟಿಯಿಂದ ಹೊರಬಂತು, 2009ರಲ್ಲಿ ಆ ಸೇತುವೆ ಕಟ್ಟುತ್ತಿರುವಾಗಲೇ ಕುಸಿಯಿತು. 2011ರಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನು ಎಬ್ಬಿಸಿದರು. ತೇರು ಎಳೆಯುವ ಬೀದಿಯಲ್ಲಿ ಜನ ಇರಬೇಕೋ ಬೇಡವೋ? ಇದಕ್ಕೆ ಒಂದು ಸಾಲಿನ ಉತ್ತರವಿಲ್ಲ. ಆದರೆ ಸರ್ಕಾರಿ ಕಡತ, ಯುನೆಸ್ಕೊ ವರದಿ, ಅಂಗಡಿಯವರ ಅಹವಾಲು ಮೂರನ್ನೂ ಓದಿ ಎಲ್ಲರಿಗೂ ಅರ್ಥವಾಗುವಂತೆ ನಾಲ್ಕು ಪುಟ ಬರೆಯಬಲ್ಲವರು ಬೇಕು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಪಟ್ಟಿಗೆ ಸೇರಿದ ಮೇಲೆ ಅಲ್ಲೂ ಇದೇ ಕೆಲಸ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಎಂಬ, ಕೇಂದ್ರದ ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿಯಿಂದ ದಿನಬೆಳಗಾದರೆ ತಕರಾರು. ಜನರ ಜೊತೆ ಬೆರೆಯುವುದು ನಿಮಗೆ ಸಲೀಸಾದರೆ ಈ ದಾರಿ ನೋಡಿ. ವಸ್ತುಗಳ ಜೊತೆ ಒಬ್ಬರೇ ಇರುವುದು ಇಷ್ಟವಾದರೆ ಬೇಡ.

ಇನ್ನು ಹೊಟ್ಟೆಪಾಡು. ಮೊದಲ ನಾಲ್ಕೈದು ವರ್ಷ ಗುತ್ತಿಗೆಯಿಂದ ಗುತ್ತಿಗೆಗೆ ಹೋಗುವುದು ಇಲ್ಲಿ ಸಾಮಾನ್ಯ: ಪ್ರಾಜೆಕ್ಟ್ ಅಸಿಸ್ಟೆಂಟ್, ಡಿಜಿಟೈಸೇಷನ್, ಪ್ರದರ್ಶನ ರೂಪಿಸುವ ಕಂಪನಿ, ಪರಂಪರೆ ಉಳಿಸುವ ಇಂಟ್ಯಾಕ್‌ನಂಥ ಸಂಸ್ಥೆ, ಆರ್ಕೈವ್ (ದಾಖಲೆಗಳ ಭಂಡಾರ). ಆರಂಭದ ಸಂಬಳ ನಾನು ಕಂಡಂತೆ ಅತಿಥಿ ಉಪನ್ಯಾಸಕರ ಗೌರವಧನಕ್ಕಿಂತ ಬಹಳ ಮೇಲೇನಿಲ್ಲ. ಬೆಂಗಳೂರಿನ ಮಟ್ಟಿಗೆ ಸ್ಥಿತಿ ಹತ್ತು ವರ್ಷದ ಹಿಂದಿಗಿಂತ ವಾಸಿ. 2019ರಲ್ಲಿ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್, ಅದೇ ವರ್ಷ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿ ಆರ್ಕೈವ್ಸ್, 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ ತೆರೆದವು. ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಸಂಗ್ರಹಾಲಯಗಳ ಜೊತೆಗೂಡಿ ಫೆಲೋಶಿಪ್ ಕೊಡುತ್ತದೆ, ಅದರ ಪ್ರಕಟಣೆಯ ಮೇಲೆ ಕಣ್ಣಿಡಿ. ಒಂದು ಎಚ್ಚರಿಕೆ: ‘ಅನುಭವ ಸಿಗುತ್ತದೆ’ ಎಂದು ಆರು ತಿಂಗಳು ಬಿಟ್ಟಿ ದುಡಿಸಿಕೊಳ್ಳುವವರಿದ್ದಾರೆ. ಆರು ವಾರ ಸರಿ. ಅದಕ್ಕಿಂತ ಹೆಚ್ಚಾದರೆ ದುಡ್ಡು ಕೇಳಿ, ಏನು ಕೆಲಸ ಮಾಡಿದಿರಿ ಎಂದು ಪತ್ರದಲ್ಲಿ ಬರೆಸಿಕೊಳ್ಳಿ.

ಇಂಗ್ಲೆಂಡ್ ವಿಷಯಕ್ಕೆ ನಿಮ್ಮ ಗೆಳತಿಯರಿಗಿಂತ ನಾನು ಕಟು. ಲೆಸ್ಟರ್ ವಿಶ್ವವಿದ್ಯಾಲಯ 1966ರಿಂದ ಮ್ಯೂಸಿಯಂ ಸ್ಟಡೀಸ್ ಕಲಿಸುತ್ತಿದೆ, ಒಳ್ಳೆಯ ಹೆಸರಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜು (ಯುಸಿಎಲ್) ಕೂಡ. ವಸ್ತು ಯಾರಿಂದ ಯಾರ ಕೈಗೆ ಹೇಗೆ ದಾಟಿತು ಎಂಬ ಮೂಲಶೋಧದ ಶಿಸ್ತು ಅಲ್ಲಿ ಚೆನ್ನಾಗಿ ಕಲಿಯಬಹುದು. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೋದ ಟಿಪ್ಪುವಿನ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲೇ ಇದೆಯಲ್ಲ. ಆದರೆ ಸಾಲ ತೀರುವುದು ಎಲ್ಲಿಂದ? ಅಲ್ಲಿ ಬಹುಕಾಲ ಉಳಿದು ದುಡಿಯಲು ಬೇಕಾದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಾಮಾನ್ಯವಾಗಿ ಇರಬೇಕಾದ ಕನಿಷ್ಠ ಸಂಬಳ 2025ರ ಜುಲೈಯಿಂದ ವರ್ಷಕ್ಕೆ 41,700 ಪೌಂಡ್. ಹೊಸದಾಗಿ ವೃತ್ತಿಗೆ ಬರುವವರಿಗೆ ರಿಯಾಯಿತಿ ಇದ್ದರೂ ಮ್ಯೂಸಿಯಂನ ಆರಂಭಿಕ ಹುದ್ದೆಗಳ ಸಂಬಳ ಸಾಮಾನ್ಯವಾಗಿ ಅದನ್ನೂ ಮುಟ್ಟುವುದಿಲ್ಲ. ಊರಿಗೆ ಮರಳಿದರೆ ಇಲ್ಲಿನ ಸಂಬಳದಲ್ಲಿ ಕಂತು ಕಟ್ಟಬೇಕು. ಹೊಲ ಅಡ ಇಟ್ಟು ಹೋಗುವ ಕೋರ್ಸು ಇದಲ್ಲ.

ಬೇರೆಯವರ ಖರ್ಚಿನಲ್ಲಿ ಹೋಗುವುದಾದರೆ ಸಂತೋಷವಾಗಿ ಹೋಗಿ, ಅದಕ್ಕೂ ಮೊದಲು ಇಲ್ಲಿ ದುಡಿದಿರಬೇಕು. ಬ್ರಿಟಿಷ್ ಸರ್ಕಾರದ ಚೆವೆನಿಂಗ್ ವಿದ್ಯಾರ್ಥಿವೇತನಕ್ಕೆ ಸುಮಾರು ಎರಡು ವರ್ಷದ, ಅಂದರೆ 2,800 ಗಂಟೆಗಳ ಕೆಲಸದ ಅನುಭವ ಬೇಕು. ಬ್ರಿಟಿಷ್ ಮ್ಯೂಸಿಯಂ 2006ರಿಂದ ನಡೆಸುತ್ತಿರುವ ಅಂತರರಾಷ್ಟ್ರೀಯ ತರಬೇತಿ ಸಂಗ್ರಹಾಲಯಗಳಲ್ಲಿ ಈಗಾಗಲೇ ಇರುವವರಿಗೆ. ಭಾರತೀಯರಿಗೆ ನೆರವು ಕೊಡುವ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ಕೂಡ ನೋಡಿ. ನೀವು ಪರಿಶಿಷ್ಟ ಜಾತಿಯವರಾಗಿದ್ದು ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಲೆಕ್ಕ ಹಾಕಿದ್ದರೆ ಒಂದು ಮಾತು: 2022ರ ಮಾರ್ಗಸೂಚಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಕುರಿತ ವಿಷಯಗಳನ್ನೇ ಹೊರಗಿಟ್ಟಿತು. ಅರ್ಜಿ ಹಾಕುವ ವರ್ಷದ ಮಾರ್ಗಸೂಚಿಯನ್ನು ಓದಿಯೇ ಮುಂದುವರಿಯಿರಿ.

ಕನ್ನಡ ಮಾಧ್ಯಮದ ಅಳುಕು ಬಿಡಿ. ತರಗತಿ ಇಂಗ್ಲಿಷಿನಲ್ಲಿ ನಡೆಯುತ್ತದೆ, ಮೊದಲ ಸೆಮಿಸ್ಟರ್ ಒದ್ದಾಡುತ್ತೀರಿ, ಆಮೇಲೆ ಸರಿಹೋಗುತ್ತದೆ. ನಿಮ್ಮ ಜೊತೆ ಓದುವ ದೊಡ್ಡ ನಗರದ ಮಕ್ಕಳಿಗೆ ಇಂಗ್ಲಿಷ್ ಬರುತ್ತದೆ, ಹಳಗನ್ನಡ ಶಾಸನ ಓದಲು ಬರುವುದಿಲ್ಲ. ನೀವು ಶಾಸನ ಓದುವುದನ್ನು ಗಟ್ಟಿ ಮಾಡಿಕೊಳ್ಳಿ. ಜೊತೆಗೆ ಮೋಡಿಯೋ ತಿಗಳಾರಿಯೋ ಒಂದು ಲಿಪಿ ಕಲಿಯಿರಿ. ನಿಮ್ಮ ಭಾಗಕ್ಕೆ ಮೋಡಿ ಹೆಚ್ಚು ಉಪಯೋಗ, ಮರಾಠ ಆಡಳಿತದ ಕಾಗದಪತ್ರ ಕಟ್ಟುಕಟ್ಟು ಬಿದ್ದಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಅದರ ಮುಂಚೂಣಿಯಲ್ಲಿರುವುದು ಇಂಜಿನಿಯರಿಂಗ್ ಹಿನ್ನೆಲೆಯವರು ಎಂಬುದನ್ನು ನಮ್ಮ ವಿಭಾಗಗಳು ಸ್ವಲ್ಪ ಯೋಚಿಸಬೇಕು. ಯಂತ್ರ ಅಕ್ಷರವನ್ನು ಕಾಣಿಸುತ್ತದೆ, ಓದಿ ಅರ್ಥ ಹೇಳಲು ನಿಮ್ಮಂಥವರು ಬೇಕು.

ಅಪ್ಪನ ಬಿ.ಇಡಿ. ಮಾತನ್ನೂ ತಳ್ಳಿಹಾಕಬೇಡಿ. ಸಂಗ್ರಹಾಲಯಗಳಲ್ಲಿ ಶಿಕ್ಷಣ ವಿಭಾಗ ಬೆಳೆಯುತ್ತಿದೆ; ಆಗ ಹೇಳಿದ ಮುಂಬಯಿಯ ಸಂಗ್ರಹಾಲಯವೇ 2015ರಿಂದ ಬಸ್ಸಿನಲ್ಲೇ ಪ್ರದರ್ಶನ ಕಟ್ಟಿಕೊಂಡು ಶಾಲೆಗಳಿಗೆ ಹೋಗುತ್ತಿದೆ. ಮಕ್ಕಳಿಗೆ ಪಾಠ ಹೇಳಲು ತರಬೇತಿ ಇರುವವರು ಅಲ್ಲಿಗೆ ಬೇಕು. ಮನೆಯ ಪರಿಸ್ಥಿತಿ ಬಿಗಿ ಇದ್ದರೆ ಬಿ.ಇಡಿ. ಮೊದಲು ಮಾಡಿ, ರಜೆಗಳಲ್ಲಿ ಸಂಗ್ರಹಾಲಯದ ಕೆಲಸ ಮಾಡಿ, ಡಿಪ್ಲೊಮಾ ಎರಡು ವರ್ಷ ತಡವಾದರೆ ನಷ್ಟವೇನಿಲ್ಲ.

ಈ ಬೇಸಿಗೆ ರಜೆಗೇ ಶುರುಮಾಡಬಹುದು. ಹತ್ತಿರದ ಸಂಗ್ರಹಾಲಯದ ಮುಖ್ಯಸ್ಥರಿಗೆ ಒಂದು ಪುಟದ ಪತ್ರ ಬರೆಯಿರಿ, ಕನ್ನಡದಲ್ಲೇ. ‘ಮ್ಯೂಸಿಯಂ ಬಗ್ಗೆ ಆಸಕ್ತಿಯಿದೆ’ ಎಂದು ಬರೆದರೆ ಯಾರೂ ಕರೆಯುವುದಿಲ್ಲ. ಒಮ್ಮೆ ಹೋಗಿ ನೋಡಿ ಬಂದು, ಇಂಥ ಸಾಲಿನ ವೀರಗಲ್ಲುಗಳ ಅಳತೆ, ಫೋಟೊ, ಶಾಸನಪಾಠ, ಸ್ಥಿತಿ ಇಷ್ಟನ್ನು ಆರು ವಾರದಲ್ಲಿ ಪಟ್ಟಿ ಮಾಡಿಕೊಡುತ್ತೇನೆ, ಕ್ಯಾಮೆರಾ ನನ್ನದೇ, ವಾರಕ್ಕೆ ಮೂರು ದಿನ ಬರುತ್ತೇನೆ, ನಿಮ್ಮ ಸಿಬ್ಬಂದಿ ಇದ್ದಾಗಲೇ ವಸ್ತು ಮುಟ್ಟುತ್ತೇನೆ ಎಂದು ಬರೆಯಿರಿ. ಜೊತೆಗೆ ನಿಮ್ಮೂರಿನ ಎರಡು ಕಲ್ಲುಗಳ ಮಾದರಿ ಪಟ್ಟಿಯನ್ನು ಲಗತ್ತಿಸಿ. ಹಾವೇರಿ ಜಿಲ್ಲೆಯಲ್ಲಿ ವೀರಗಲ್ಲಿಗೇನು ಬರವೇ? ಹತ್ತು ದಿನ ಉತ್ತರ ಬಾರದಿದ್ದರೆ ಪತ್ರದ ಪ್ರತಿ ಹಿಡಿದು ನೀವೇ ಹೋಗಿ. ಮಧ್ಯಾಹ್ನ ಮೂರರ ಮೇಲೆ ಹೋದರೆ ಕೂತು ಮಾತಾಡಲು ಪುರುಸೊತ್ತು ಇರುತ್ತದೆ.